ಗಾದಿ ಒಂದು, ವಾರಸುದಾರರು ಹಲವರು

2023ರ ಜನವರಿಯಲ್ಲಿ ಹೈದರಾಬಾದಿನ ಚೌಮಹಲ್ಲಾ ಅರಮನೆಯ ಮುಂದೆ ಉದ್ದದ ಸಾಲು ನಿಂತಿತ್ತು. ಇಸ್ತಾಂಬುಲ್‌ನಲ್ಲಿ ತೀರಿಕೊಂಡ ಮುಕರ್ರಂ ಜಾಹ್ ಅವರ ಪಾರ್ಥಿವ ಶರೀರ ಊರಿಗೆ ಬಂದಿತ್ತು. ಕೊನೆಯ ದೊರೆ ಮೀರ್ ಉಸ್ಮಾನ್ ಅಲಿ ಖಾನರ ಮೊಮ್ಮಗ, ಕುಟುಂಬದ ಲೆಕ್ಕದಲ್ಲಿ ಎಂಟನೆಯ ನಿಜಾಮ. ಎಪ್ಪತ್ತರ ದಶಕದಲ್ಲಿಯೇ ಹೈದರಾಬಾದನ್ನು ಬಿಟ್ಟು ಆಸ್ಟ್ರೇಲಿಯಾದಲ್ಲಿ ಕುರಿ ಸಾಕಲು ಹೋದವರು, ಆಮೇಲೆ ಟರ್ಕಿಯಲ್ಲಿ ನೆಲೆಸಿದವರು. ತೆಲಂಗಾಣ ಸರ್ಕಾರ ಸಕಲ ಸರ್ಕಾರಿ ಗೌರವ ಕೊಟ್ಟಿತು. ಮಕ್ಕಾ ಮಸೀದಿಯ ಅಂಗಳದಲ್ಲಿ ಹಿರೀಕರ ಗೋರಿಗಳ ಬಳಿ ಮಣ್ಣು ಮಾಡಿದರು. ಕೆಲವೇ ದಿನಗಳಲ್ಲಿ ಮಗ ಅಜ್ಮತ್ ಜಾಹ್ ಒಂಬತ್ತನೆಯ ನಿಜಾಮರೆಂದು ಅದೇ ಅರಮನೆಯಲ್ಲಿ ಖಾಸಗಿ ಸಮಾರಂಭ ನಡೆಯಿತು. ಅದಾಗಿ ಸ್ವಲ್ಪ ದಿನಕ್ಕೆ ವಂಶದ ಇನ್ನೊಂದು ಬಣ, ಒಂಬತ್ತನೆಯವರು ಅವರಲ್ಲ, ನಮ್ಮವರು ಎಂದು ಬೇರೊಬ್ಬರನ್ನು ಮುಂದೆ ತಂದಿತು.

ಕಾನೂನಿನ ಕಣ್ಣಿಗೆ ಇಬ್ಬರೂ ಇಲ್ಲ. ಸಂವಿಧಾನದ 26ನೇ ತಿದ್ದುಪಡಿ 1971ರ ಡಿಸೆಂಬರಿನಲ್ಲಿ ಮಾಜಿ ಅರಸರ ಮಾನ್ಯತೆಯನ್ನೂ ರಾಜಧನವನ್ನೂ ಒಟ್ಟಿಗೇ ತೆಗೆದುಹಾಕಿತು. ಆದರೂ ಇಲ್ಲದ ಗಾದಿಗೆ ಇಬ್ಬರು ಹಕ್ಕುದಾರರು. ಇದನ್ನು ನೋಡಿ ನಗುವವರು ನಗಬಹುದು. ನನಗಂತೂ ಇದರಲ್ಲಿ ಹೈದರಾಬಾದಿನ ಹಳೆಯ ಚಾಳಿಯೇ ಕಂಡಿತು: ಇಲ್ಲಿ ಗಾದಿಯ ಪರವಾಗಿ ಮಾತಾಡಿದವರೆಲ್ಲ ಗಾದಿ ತಮ್ಮದೆಂದುಕೊಂಡೇ ಮಾತಾಡಿದ್ದಾರೆ. ಅದರ ಮೇಲೆ ಕೂತಿದ್ದವನದು ಎಂದವರು ಕಡಿಮೆ.

ಅರಸ ಇರುವುದು ಬೇರೆ, ಅರಸ ಇರಬೇಕು ಎಂದು ವಾದಿಸುವುದು ಬೇರೆ. ರಾಜಪ್ರಭುತ್ವವಾದ ಎಂದು ರಾಜಕೀಯ ಶಾಸ್ತ್ರದವರು ಕರೆಯುವುದು ಎರಡನೆಯದನ್ನು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನವಿತ್ತು. ಅಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಆ ಕಾಲದ ಕವಿಗಳು ದೊರೆಯನ್ನು ಹಾಡಿ ಹೊಗಳಿದರು, ಆದರೆ ದೊರೆತನವನ್ನು ಸಮರ್ಥಿಸುವ ಗೋಜಿಗೆ ಹೋಗಲಿಲ್ಲ. ಹೋಗುವ ಅಗತ್ಯವೇ ಇರಲಿಲ್ಲ. ಎದುರಿಗೆ ಒಬ್ಬ ನಿಂತು ‘ಈ ದೊರೆ ಯಾಕೆ ಬೇಕು’ ಎಂದು ಕೇಳಿದಾಗ ಮಾತ್ರ ಸಮರ್ಥನೆ ಬೇಕಾಗುತ್ತದೆ.

ಪ್ರಶ್ನೆ ಹಳೆಯದೇ. ಬುದ್ಧನ ಕಾಲದ ವಜ್ಜಿಗಳು ಅರಸನಿಲ್ಲದೆ ಸಭೆ ಸೇರಿ ಆಳಿಕೊಂಡವರು. ದೀಘನಿಕಾಯದ ಅಗ್ಗಞ್ಞಸುತ್ತದಲ್ಲಿ, ಕಳ್ಳತನ ಹೆಚ್ಚಿದ ಮೇಲೆ ಜನರೇ ಕೂಡಿ ಒಬ್ಬನನ್ನು ಆರಿಸಿ, ನೋಡಿಕೊಳ್ಳುವ ಕೆಲಸಕ್ಕೆ ಬತ್ತದಲ್ಲಿ ಪಾಲು ಕೊಡುತ್ತಾರೆ. ಅವನೇ ಮಹಾಸಮ್ಮತ, ಮೊದಲ ಅರಸ. ಮಹಾಭಾರತದ ಶಾಂತಿಪರ್ವ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಭಯ ತೋರಿಸಿ ಅರಸನನ್ನು ತರುತ್ತದೆ. ಗ್ರೀಕರ ಹೆರೊಡೋಟಸ್ ಹೇಳುವ ಕಥೆ ಇನ್ನೂ ಸೊಗಸು. ಪರ್ಷಿಯಾದಲ್ಲಿ ಗಾದಿ ಖಾಲಿಯಾದಾಗ ಮೂವರು ಸರದಾರರು ಚರ್ಚೆಗೆ ಕೂರುತ್ತಾರೆ. ಒಬ್ಬ ಎಲ್ಲರ ಆಡಳಿತ ಎನ್ನುತ್ತಾನೆ, ಇನ್ನೊಬ್ಬ ಕೆಲವರದು ಎನ್ನುತ್ತಾನೆ, ಮೂರನೆಯ ದಾರಯವುಷ್ ಒಬ್ಬನದೇ ಒಳ್ಳೆಯದು ಎನ್ನುತ್ತಾನೆ. ಗೆದ್ದವನು ಮೂರನೆಯವನು, ಆ ‘ಒಬ್ಬ’ ತಾನೇ ಆಗುವಂತೆಯೂ ಅವನು ನೋಡಿಕೊಂಡ, ಕುದುರೆಯ ಕೆನೆತವೊಂದರ ಕೈಚಳಕದಿಂದ. ವಾದಕ್ಕೂ ವಾದಿಯ ಲಾಭಕ್ಕೂ ಇರುವ ನಂಟು ಅಷ್ಟು ಪುರಾತನ.

ಆದರೆ ಪಕ್ಷ ಕಟ್ಟಿಕೊಂಡು, ಪತ್ರಿಕೆ ಹೊರಡಿಸಿ, ಅರಸನ ಪರ ಹೋರಾಡುವ ಆಧುನಿಕ ರಾಜಪ್ರಭುತ್ವವಾದ ಹುಟ್ಟಿದ್ದು 1789ರ ಫ್ರಾನ್ಸಿನಲ್ಲಿ. ಅಲ್ಲಿನ ರಾಷ್ಟ್ರೀಯ ಸಭೆಯಲ್ಲಿ ಮೂನಿಯೇ ಎಂಬಾತನ ಗುಂಪು, ಇಂಗ್ಲೆಂಡಿನ ಹಾಗೆ ಎರಡು ಸದನವಿರಲಿ, ದೊರೆಗೆ ಮಸೂದೆ ತಡೆಯುವ ಅಧಿಕಾರವಿರಲಿ ಎಂದಿತು. ಅವರಿಗೆ ‘ರಾಜವಾದಿಗಳು’ ಎಂಬ ಹೆಸರು ಬಿತ್ತು. ಗಮನಿಸಬೇಕಾದದ್ದೆಂದರೆ ಅವರು ದೊರೆಯನ್ನು ಮಿತಿಯೊಳಗೆ ಇಡಬೇಕೆಂದವರು. ಮುಂದೆ ದೊರೆಗಿಂತಲೂ ಹೆಚ್ಚು ರಾಜನಿಷ್ಠೆಯ ಅತಿವಾದಿಗಳು ಬಂದರು. 1871ರ ಚುನಾವಣೆಯಲ್ಲಿ ಅರಸೊತ್ತಿಗೆಯ ಪರವಿದ್ದವರಿಗೇ ಬಹುಮತ ಸಿಕ್ಕಿತು. ಆದರೂ ಅರಸ ಬರಲಿಲ್ಲ. ಎರಡು ವಂಶಗಳ ಅಭಿಮಾನಿಗಳು ತಮ್ಮತಮ್ಮೊಳಗೆ ಕಿತ್ತಾಡಿದರು. ಹಿರಿಯ ಹಕ್ಕುದಾರನಾದ ಶಾಂಬೋರಿನ ಕೌಂಟ್, ಮೂರು ಬಣ್ಣದ ಬಾವುಟ ಬೇಡ, ನನ್ನ ಅಜ್ಜಂದಿರ ಬಿಳಿ ಬಾವುಟವೇ ಬೇಕು ಎಂದು 1873ರಲ್ಲಿ ಹಟ ಹಿಡಿದ. 1875ರಲ್ಲಿ ಗಣರಾಜ್ಯದ ಪರವಾದ ತಿದ್ದುಪಡಿ 353ಕ್ಕೆ 352 ಮತ, ಅಂದರೆ ಒಂದೇ ಒಂದು ಮತದ ಅಂತರದಲ್ಲಿ ಗೆದ್ದಿತು. ರಾಜವಾದಿಗಳಿಂದಲೇ ರಾಜ ಕೆಟ್ಟ.

ಹೈದರಾಬಾದಿನ ಕಥೆ ಇದಕ್ಕಿಂತ ಜಟಿಲ. ಇಲ್ಲಿ ದೊರೆ ತನ್ನನ್ನು ದೊರೆ ಎಂದು ಕರೆದುಕೊಂಡವನೇ ಅಲ್ಲ.

1724ರಲ್ಲಿ ಶಕರ್‌ಖೇಡದ ಕಾಳಗ ಗೆದ್ದು ದಖ್ಖನ್ನಿನಲ್ಲಿ ಭದ್ರವಾಗಿ ಕಾಲೂರಿದ ಮೀರ್ ಕಮರುದ್ದೀನ್ ಮೊಗಲ್ ಬಾದಶಹನ ಸುಬೇದಾರ. ನಿಜಾಮುಲ್ ಮುಲ್ಕ್, ಆಸಫ್ ಜಾಹ್ ಎರಡೂ ಬಾದಶಹ ಕೊಟ್ಟ ಬಿರುದುಗಳು. ದಿಲ್ಲಿಯ ಅಧಿಕಾರ ಕೆಂಪುಕೋಟೆಯ ಗೋಡೆಯೊಳಗೆ ಕುಗ್ಗಿದ ಮೇಲೂ ಹೈದರಾಬಾದಿನ ಟಂಕಸಾಲೆ ನಾಣ್ಯದ ಮೇಲೆ ಬಾದಶಹನ ಹೆಸರನ್ನೇ ಅಚ್ಚೊತ್ತುತ್ತಿತ್ತು. ಅದು ನಿಂತದ್ದು 1857ರ ದಂಗೆ ಮುಗಿದು, ಬಹಾದ್ದೂರ್ ಶಾಹ ಜಫರ್ ಗಾದಿ ಕಳೆದುಕೊಂಡ ಮೇಲೆ. ವಿಜಯಪುರ, ಧಾರವಾಡದ ಕಡೆಯ ನಮ್ಮ ಜನ ಗಡಿಯಾಚೆಯ ನಿಜಾಮ್ ಸೀಮೆಯನ್ನು ‘ಮೊಗಲಾಯಿ’ ಎಂದೇ ಕರೆಯುತ್ತಿದ್ದರು. ಹಳ್ಳಿಗರ ಬಾಯಲ್ಲಿ ಆ ಹೆಸರು ಇಪ್ಪತ್ತನೇ ಶತಮಾನದವರೆಗೂ ಉಳಿಯಿತು. ಗಡಿ ದಾಟಿದರೆ ದುಡ್ಡೂ ಬೇರೆ: ಈಚೆ ಕಲ್ದಾರ, ಆಚೆ ಹಾಲಿ ಸಿಕ್ಕಾ. ಸುಮಾರು ಆರು ಕಲ್ದಾರಕ್ಕೆ ಏಳು ಹಾಲಿ. ಸಂತೆಗೆ ಹೋಗುವ ರೈತನಿಗೆ ಸಾರ್ವಭೌಮತ್ವ ಅಂದರೆ ಆ ವಟ್ಟದ ಲೆಕ್ಕ.

1857ರಲ್ಲಿ ಬ್ರಿಟಿಷರ ಪಕ್ಕ ನಿಂತದ್ದಕ್ಕೆ ನಿಜಾಮರಿಗೆ ಇನಾಮು ಸಿಕ್ಕಿತು. ಅದರಲ್ಲಿ ಕನ್ನಡ ನೆಲವೂ ಸೇರಿತ್ತು. ಸಾಲಕ್ಕೆ ಒತ್ತೆಯಾಗಿ ಹೋಗಿದ್ದ ರಾಯಚೂರು ದೋಆಬ 1860ರ ಒಪ್ಪಂದದಲ್ಲಿ ಮರಳಿತು. ದಂಗೆಯೆದ್ದ ವೆಂಕಟಪ್ಪ ನಾಯಕನ ಸುರಪುರವನ್ನೂ ಕಂಪನಿಯ ಉತ್ತರಾಧಿಕಾರಿಗಳು ಅವರ ಮಡಿಲಿಗೆ ಹಾಕಿದರು. ಸುರಪುರದ ಜನಕ್ಕೆ ಒಬ್ಬ ದೊರೆ ಹೋಗಿ ಇನ್ನೊಬ್ಬ ಬಂದದ್ದು ಹೀಗೆ, ಯಾರೂ ಅವರನ್ನು ಕೇಳದೆ.

ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಗಾದಿಗೆ ಬಂದರು. ಮೊದಲ ಮಹಾಯುದ್ಧದಲ್ಲಿ ಹಣ, ಜನ ಕೊಟ್ಟದ್ದಕ್ಕೆ ಬ್ರಿಟಿಷರು ಅವರೊಬ್ಬರಿಗೇ ‘ಎಕ್ಸಾಲ್ಟೆಡ್ ಹೈನೆಸ್’ ಎಂಬ ಹೆಚ್ಚುವರಿ ಗೌರವ ಕೊಟ್ಟರು. 1925ರಲ್ಲಿ ಅವರು ಬೇರಾರ್ ಪ್ರಾಂತ್ಯ ತಮಗೆ ಮರಳಬೇಕೆಂದು ವೈಸ್‌ರಾಯ್ ಲಾರ್ಡ್ ರೀಡಿಂಗ್‌ಗೆ ಪತ್ರ ಬರೆದು, ಒಳಾಡಳಿತದಲ್ಲಿ ತಾವು ಬ್ರಿಟಿಷ್ ಸರ್ಕಾರಕ್ಕೆ ಸಮಾನ ಎಂಬ ಧಾಟಿಯಲ್ಲಿ ವಾದಿಸಿದರು. 1926ರ ಮಾರ್ಚಿನಲ್ಲಿ ಬಂದ ಉತ್ತರ ಮುಖಕ್ಕೆ ಹೊಡೆದಂತಿತ್ತು: ಇಂಡಿಯಾದಲ್ಲಿ ಬ್ರಿಟಿಷ್ ಸಿಂಹಾಸನವೇ ಪರಮ, ಸರಿಸಮವಾಗಿ ಕೂತು ಮಾತಾಡುವ ಹಕ್ಕು ಯಾವ ಸಂಸ್ಥಾನಿಕನಿಗೂ ಇಲ್ಲ. ಜಗತ್ತಿನ ಅತಿ ಶ್ರೀಮಂತನೆಂದು 1937ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂದ ವ್ಯಕ್ತಿ ಕಾಗದದ ಮೇಲೆ ಮೊದಲು ಮೊಗಲರ ಸುಬೇದಾರರ ವಂಶದವರು, ಆಮೇಲೆ ಬ್ರಿಟಿಷರ ‘ನಿಷ್ಠಾವಂತ ಮಿತ್ರ’. 1947ರ ಜೂನಿನಲ್ಲಿ ಅವರು ಫರ್ಮಾನು ಹೊರಡಿಸಿ, ಬ್ರಿಟಿಷರು ಹೊರಟ ದಿನ ತಾವು ಸ್ವತಂತ್ರ ಸಾರ್ವಭೌಮರಾಗುತ್ತೇವೆ ಎಂದರು. 223 ವರ್ಷ ಕಾದ ವಂಶಕ್ಕೆ ಪೂರ್ಣ ದೊರೆತನ ಸಿಕ್ಕಿದ್ದು ಹದಿಮೂರು ತಿಂಗಳು ಮಾತ್ರ, ಅದೂ ಬೇರೆ ಯಾರೂ ಒಪ್ಪದ ದೊರೆತನ.

ಈಗ ಈ ದೊರೆಯ ಪರ ವಾದಿಸಿದವರತ್ತ ಬರೋಣ. ಸಂಸ್ಥಾನದಲ್ಲಿ 1941ರ ಜನಗಣತಿಯಂತೆ ಸುಮಾರು 1 ಕೋಟಿ 63 ಲಕ್ಷ ಜನ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಿಂದೂಗಳು. ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಕಲಬುರಗಿ, ರಾಯಚೂರು, ಬೀದರ್ ಈ ಮೂರು ಕನ್ನಡದವು. ಆಡಳಿತದ, ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷೆ ಉರ್ದು. ಸಭೆ ನಡೆಸಲು ಮೊದಲೇ ಅಪ್ಪಣೆ ಬೇಕು. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಹೆಸರು ಆ ಕಾಲದ ಕಾರ್ಯಕರ್ತರಿಗೆಲ್ಲ ಬಾಯಿಪಾಠ.

ಮೂವತ್ತರ ದಶಕದ ಕೊನೆಗೆ ಜವಾಬ್ದಾರಿ ಸರ್ಕಾರದ ಕೂಗು ಏಳುತ್ತಿದ್ದಂತೆ ಸರ್ಕಾರ ಅರವಮುದು ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸುಧಾರಣಾ ಸಮಿತಿ ನೇಮಿಸಿತು. 1939ರಲ್ಲಿ ಸುಧಾರಣೆಗಳನ್ನು ಪ್ರಕಟಿಸುವಾಗ ಹೊರಬಿದ್ದ ತತ್ತ್ವ ನೋಡಿ. ಚುನಾಯಿತ ಪ್ರತಿನಿಧಿ ಇಂದು ಬಂದು ನಾಳೆ ಹೋಗುವವನು. ದೊರೆಯಾದರೋ ಜನರನ್ನು ತನ್ನ ವ್ಯಕ್ತಿತ್ವದಲ್ಲೇ ನೇರವಾಗಿ ಪ್ರತಿನಿಧಿಸುತ್ತಾನೆ. ಜನರ ಸಾರ್ವಭೌಮತ್ವ ಅವನಲ್ಲೇ ಮೂರ್ತಿಗೊಂಡಿದೆ. ಹಾಗಿರುವಾಗ ಮಂತ್ರಿಮಂಡಲ ಸಭೆಗೆ ಹೊಣೆಯಾಗುವ ಮಾತೆಲ್ಲಿ ಬಂತು? ಪ್ರಾತಿನಿಧ್ಯವನ್ನು ಪ್ರದೇಶದ ಬದಲು ಕಸುಬು, ಹಿತಾಸಕ್ತಿಗಳ ಲೆಕ್ಕದಲ್ಲಿ ಹಂಚಲಾಯಿತು. ಇದು ಅಚ್ಚುಕಟ್ಟಾದ ರಾಜಪ್ರಭುತ್ವವಾದ. ದೇವರ ಹೆಸರಿಲ್ಲ, ವಂಶದ ಹೆಗ್ಗಳಿಕೆ ಇಲ್ಲ. ಪ್ರಜಾಪ್ರಭುತ್ವದ ಪದಗಳನ್ನೇ ಎತ್ತಿಕೊಂಡು ಪ್ರಜಾಪ್ರಭುತ್ವದ ಬಾಗಿಲು ಹಾಕುವ ಜಾಣತನ. ಬರೆದವರು ಅರಮನೆಯವರಲ್ಲ, ಕಾನೂನು ಓದಿದ ಅಧಿಕಾರಿಗಳು. ನಿಜಾಮರ ಅಧಿಕಾರ ನಿಂತದ್ದೂ ಅವರ ಕುರ್ಚಿಗಳ ಮೇಲೆಯೇ.

ಎದುರು ಪಕ್ಷದಲ್ಲಿದ್ದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಗಣರಾಜ್ಯ ಬೇಕು ಎಂದಿತೇ? ಇಲ್ಲ. 1938ರಲ್ಲಿ ಅದರ ಬೇಡಿಕೆ ‘ಆಸಫ್ ಜಾಹಿ ಮನೆತನದ ಆಶ್ರಯದಲ್ಲಿ ಜವಾಬ್ದಾರಿ ಸರ್ಕಾರ’. ಮೂನಿಯೇಯ ಗುಂಪಿನ ಹಾಗೆ ಇವರೂ ಮಿತಿಯೊಳಗಿನ ರಾಜವಾದಿಗಳೇ. ಸರ್ಕಾರ ಆ ಸಂಘಟನೆಯನ್ನು ಕಣ್ಣು ಬಿಡುವ ಮೊದಲೇ ನಿಷೇಧಿಸಿತು. ನಿಷೇಧ ತೆಗೆದದ್ದು 1946ರಲ್ಲಿ. ಅದರ ನಾಯಕ ಸ್ವಾಮಿ ರಮಾನಂದ ತೀರ್ಥರು ನಮ್ಮ ಸಿಂದಗಿಯಲ್ಲಿ ಹುಟ್ಟಿದವರು. 1947ರ ಜೂನಿನಲ್ಲಿ ಮುಷೀರಾಬಾದ್ ಅಧಿವೇಶನ ಸೇರುವ ಹೊತ್ತಿಗೆ ‘ಆಶ್ರಯ’ದ ಮಾತು ಬಿದ್ದುಹೋಗಿ ‘ಇಂಡಿಯನ್ ಯೂನಿಯನ್ ಸೇರಿ’ ಎಂಬ ಘೋಷಣೆ ಬಂದಿತ್ತು. ಒಂಬತ್ತು ವರ್ಷಗಳಲ್ಲಿ ಈ ಬದಲಾವಣೆ ಆದದ್ದು ಯಾವ ಪುಸ್ತಕ ಓದಿಯೂ ಅಲ್ಲ. ಮಿತಿ ಒಪ್ಪದ ದೊರೆಗೆ ಮಿತಿಯೊಳಗಿನ ನಿಷ್ಠರು ದಕ್ಕುವುದಿಲ್ಲ, ಅಷ್ಟೆ.

ಆದರೆ ನಿಜವಾದ ಸೋಜಿಗ ಇರುವುದು ಗಾದಿಯ ಅತಿ ದೊಡ್ಡ ಬೆಂಬಲಿಗರಲ್ಲಿ. 1927ರಲ್ಲಿ ಹುಟ್ಟಿದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್‌ಗೆ ಮೂವತ್ತರ ದಶಕದ ಕೊನೆಗೆ ಬಹಾದ್ದೂರ್ ಯಾರ್ ಜಂಗ್ ಅಧ್ಯಕ್ಷರಾದರು. ಜಾಗೀರುದಾರ, ಮೋಡಿ ಮಾಡುವ ಮಾತುಗಾರ. ಅವರು ಮುಂದಿಟ್ಟ ಸಿದ್ಧಾಂತ ‘ಅನಲ್ ಮಲಿಕ್’, ನಾನೇ ದೊರೆ. ಕೇಳಿದೊಡನೆ ಸೂಫಿ ಮನ್ಸೂರನ ‘ಅನಲ್ ಹಕ್’ ನೆನಪಾಗುವಂಥ ಮಾತು. ಅದರ ಅರ್ಥ: ಸಂಸ್ಥಾನದ ಸಾರ್ವಭೌಮತ್ವ ಇರುವುದು ನಿಜಾಮರಲ್ಲಲ್ಲ, ದಖ್ಖನ್ನಿನ ಮುಸ್ಲಿಂ ಸಮುದಾಯದಲ್ಲಿ, ಗಾದಿ ಮತ್ತು ಅದರ ಮೇಲೆ ಕೂತವರು ಆ ಸಮುದಾಯದ ರಾಜಕೀಯ, ಸಾಂಸ್ಕೃತಿಕ ಹಿರಿಮೆಯ ಲಾಂಛನ, ಆದ್ದರಿಂದ ಗಾದಿಗೆ ನಿಷ್ಠೆ ತೋರಬೇಕು.

ಇದನ್ನು ನಿಧಾನವಾಗಿ ಓದಿದರೆ ದೊರೆಗೆ ಬೆವರು ಬರಬೇಕು. ಪುರಾನಾ ಶಹರದ ಟಾಂಗಾವಾಲಾ ಕೂಡ ತಾನೇ ದೊರೆ ಎಂದುಕೊಳ್ಳಬಹುದಾದ ಸಿದ್ಧಾಂತ ಇದು. ಬಡವನಿಗೆ ಅದು ಕೊಟ್ಟ ಹೆಮ್ಮೆ ಸಣ್ಣದಲ್ಲ, ಹಾಗಾಗಿಯೇ ಹಬ್ಬಿತು. ಒಂದು ಲೆಕ್ಕಕ್ಕೆ ಇದು ಜನಪರಮಾಧಿಕಾರವೇ, ಆದರೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರನ್ನು ಹೊರಗಿಟ್ಟದ್ದು. ದೊರೆ ಇರಲಿ, ಆದರೆ ನಮ್ಮ ಹೆಸರಿನಲ್ಲಿ ಇರಲಿ. ನಿಜಾಮರಿಗೆ ಅದು ಅರ್ಥವಾಗದೆ ಇರಲಿಲ್ಲ. ಅರಮನೆಗೂ ಬಹಾದ್ದೂರ್ ಯಾರ್ ಜಂಗ್‌ಗೂ ಸಂಬಂಧ ಕೆಟ್ಟು, ಅವರು ಬಿರುದನ್ನೂ ಜಾಗೀರನ್ನೂ ಬಿಟ್ಟುಕೊಟ್ಟರು. 1944ರ ಜೂನಿನಲ್ಲಿ ಹಠಾತ್ತನೆ ತೀರಿಕೊಂಡರು. ಎರಡು ವರ್ಷಕ್ಕೆ ಅವರ ಜಾಗಕ್ಕೆ ಲಾತೂರಿನ ವಕೀಲ ಕಾಸಿಂ ರಜ್ವಿ ಬಂದ.

1947ರ ಅಕ್ಟೋಬರ್ ಕೊನೆಯ ವಾರ. ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದದ ಕರಡು ಸಿದ್ಧವಾಗಿತ್ತು. ನಿಜಾಮರ ಮಂತ್ರಿಮಂಡಲ ಬಹುಮತದಿಂದ ಒಪ್ಪಿತ್ತು, ನಿಜಾಮರೂ ಒಪ್ಪಿದ್ದರು. ರುಜು ಹಾಕುವುದನ್ನು ಮಾತ್ರ ಮುಂದೂಡಿದ್ದರು. ನಿಯೋಗ ಬೆಳಿಗ್ಗೆ ದಿಲ್ಲಿಯ ವಿಮಾನ ಹತ್ತಬೇಕು. 27ರ ನಸುಕಿನಲ್ಲಿ ಸಾವಿರಾರು ಜನರ ಗುಂಪು ಪ್ರಧಾನಿ ಛತಾರಿ ನವಾಬರ, ಸಲಹೆಗಾರ ವಾಲ್ಟರ್ ಮಾಂಕ್ಟನ್‌ರ ಮನೆಗಳನ್ನು ಸುತ್ತುವರಿದು, ಯಾರೂ ಹೊರಡಕೂಡದು ಎಂದಿತು. ಗುಂಪು ಕೂಡಿಸಿದ್ದು ಇತ್ತೆಹಾದ್. ಗಾದಿಯ ರಕ್ಷಕರೆಂದು ಕರೆದುಕೊಂಡವರು ಗಾದಿಯ ಪ್ರಧಾನಿಯನ್ನೇ ಮನೆಯಲ್ಲಿ ಕೂಡಿಹಾಕಿದರು. ನಿಜಾಮರು ಬೇರೆ ನಿಯೋಗ ನೇಮಿಸಿದರು, ಛತಾರಿ ರಾಜೀನಾಮೆ ಕೊಟ್ಟು ಹೊರಟರು, ಇತ್ತೆಹಾದ್‌ಗೆ ಒಪ್ಪಿಗೆಯಾದ ಲಾಯಿಕ್ ಅಲಿ ಪ್ರಧಾನಿಯಾದರು. ನವೆಂಬರ್ 29ರಂದು ಕಡೆಗೂ ಸಹಿಯಾದ ಒಪ್ಪಂದ ಹೆಚ್ಚುಕಡಿಮೆ ಮೊದಲಿನದೇ. ಬದಲಾದದ್ದು ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು.

ಮುಂದಿನದು ನಮ್ಮ ಕಡೆಯ ಹಿರಿಯರಿಗೆ ಗೊತ್ತಿರುವ ಕಥೆ. ಇತ್ತೆಹಾದ್‌ನ ಸ್ವಯಂಸೇವಕ ಪಡೆಯಾದ ರಜಾಕಾರರ ಹಾವಳಿ, ಬೀದರ್ ಜಿಲ್ಲೆಯ ಗೋರ್ಟಾದ ಕಗ್ಗೊಲೆ, ಊರುಬಿಟ್ಟು ಗಡಿಯಾಚೆ ಓಡಿದ ಸಂಸಾರಗಳು, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸಿದ ಶಿಬಿರ. ಕಲಬುರಗಿ, ಬೀದರಿನ ಹಳ್ಳಿಗಳಲ್ಲಿ ಮುದುಕರು ವಯಸ್ಸು ಹೇಳುವಾಗ ‘ರಜಾಕಾರ್ ಹಾವಳ್ಯಾಗ ಹುಟ್ಟೀನಿ’ ಎನ್ನುತ್ತಿದ್ದರು. ದೊರೆಯ ಹೆಸರು ಆ ಮಾತಿನಲ್ಲಿ ಬರುವುದಿಲ್ಲ. ಅವರ ನಿತ್ಯದ ಲೋಕದಲ್ಲಿಯೂ ದೊರೆ ದೂರದವನೇ ಆಗಿದ್ದ. ಕಂದಾಯದ ಲೆಕ್ಕ ಬರೆಯುವವನು ಪಟವಾರಿ, ಬೆದರಿಸುವವನು ದೇಶಮುಖ ಅಥವಾ ಜಾಗೀರುದಾರನ ಮನುಷ್ಯ. ಕೊಪ್ಪಳದ ರೈತನಿಗೆ ಧಣಿ ಎಂದರೆ ಸಾಲಾರ್ ಜಂಗ್ ಜಾಗೀರು.

ಗಾದಿಯ ಹೆಸರಿನ ಈ ರಾಜಕಾರಣಕ್ಕೆ ಬಲಿಯಾದವರಲ್ಲಿ ಒಬ್ಬರ ಹೆಸರು ಇಲ್ಲಿ ಹೇಳಲೇಬೇಕು. ‘ಇಮ್ರೋಜ್’ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್. 1948ರ ಆಗಸ್ಟಿನಲ್ಲಿ ಏಳು ಮಂದಿ ಮುಸ್ಲಿಂ ಗಣ್ಯರು ಭಾರತದೊಂದಿಗೆ ಸೇರುವುದೇ ಲೇಸು ಎಂದು ಹೇಳಿಕೆ ಕೊಟ್ಟರು. ಶೋಯೆಬುಲ್ಲಾ ಅದನ್ನು ಪ್ರಕಟಿಸಿದರು, ತಾವೂ ಬರೆದರು. ಆ ತಿಂಗಳ ಮೂರನೇ ವಾರದ ಒಂದು ರಾತ್ರಿ, ಕಾಚಿಗುಡದ ಬಳಿ ಪತ್ರಿಕೆಯ ಕೆಲಸ ಮುಗಿಸಿ ಮನೆಗೆ ನಡೆದು ಬರುತ್ತಿದ್ದಾಗ ಗುಂಡಿಕ್ಕಿ, ಬರೆಯುವ ಕೈ ಕತ್ತರಿಸಿದರು. ಇಂದು ಅದೇ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗನ ಹೆಸರಿನ ಕನ್ನಡ ಶಾಲೆಯಿದೆ. ಅಲ್ಲಿ ಹೋಗುವ ಕನ್ನಡಿಗರಲ್ಲಿ ಈ ಹೆಸರು ಬಲ್ಲವರು ವಿರಳ. ಹಾವಳಿಯ ಕಥೆಯನ್ನು ಹಿಂದೂ–ಮುಸ್ಲಿಂ ಎಂಬ ಎರಡೇ ಬಣ್ಣದಲ್ಲಿ ಹೇಳುವವರಿಗೆ ಈ ಉರ್ದು ಪತ್ರಕರ್ತ ಎಲ್ಲಿಯೂ ಹೊಂದುವುದಿಲ್ಲ.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳನುಗ್ಗಿತು. 17ಕ್ಕೆ ಎಲ್ಲ ಮುಗಿಯಿತು. ಆ ಸಂಜೆ ನಿಜಾಮರು ಜೀವಮಾನದಲ್ಲಿ ಮೊದಲ ಸಲ ರೇಡಿಯೊ ಮೈಕಿನ ಮುಂದೆ ನಿಂತರು. ಭಾಷಣ ತಯಾರಿಸಿಕೊಟ್ಟವರು ಭಾರತದ ಪ್ರತಿನಿಧಿ ಕೆ.ಎಂ. ಮುನ್ಷಿ. ಅಲ್ಲಿಯವರೆಗೆ ಪ್ರಜೆಗಳು ದೊರೆಯ ಮಾತನ್ನು ಕೇಳುತ್ತಿದ್ದದ್ದು ಫರ್ಮಾನಿನ ರೂಪದಲ್ಲಿ, ಜರೀದಾ ಎಂಬ ಗೆಜೆಟ್ಟಿನ ಪುಟದಲ್ಲಿ. ವಾರದೊಳಗೆ ಮತ್ತೆ ಮಾತಾಡಿ, ರಜ್ವಿಯ ಗುಂಪು ತಮ್ಮನ್ನು ಅಸಹಾಯಕರನ್ನಾಗಿ ಮಾಡಿತ್ತು ಎಂದರು. ಅದು ಎಷ್ಟು ನಿಜ, ಎಷ್ಟು ನುಣುಚಿಕೊಳ್ಳುವ ಮಾತು ಎಂಬ ಜಗಳ ಇನ್ನೂ ಮುಗಿದಿಲ್ಲ. ಗುಂಪಿನ ಲಾಭ ತಾವೂ ಪಡೆದಿದ್ದರು ಎಂಬುದನ್ನು ಮರೆಯುವ ಹಾಗಿಲ್ಲ. ಅದೇ ಗುಂಪು ಅವರ ಪ್ರಧಾನಿಯ ಮನೆಯ ಮುಂದೆ ಕೂತದ್ದನ್ನೂ ಮರೆಯುವ ಹಾಗಿಲ್ಲ.

ಕಾರ್ಯಾಚರಣೆಯ ಬೆನ್ನಿಗೆ ಸೇಡಿನ ಕೊಲೆಗಳಾದವು. ಕೇಂದ್ರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ್, ನಮ್ಮ ಕಲಬುರಗಿ ಮತ್ತು ಬೀದರ್. ಸತ್ತವರು ಮುಸ್ಲಿಮರು, ಬಹುಪಾಲು ರಜಾಕಾರರಿಗೂ ಅವರಿಗೂ ಸಂಬಂಧವಿಲ್ಲದ ಹಳ್ಳಿಯವರು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಹಳೆಯ ಹೈದರಾಬಾದಿನ ಕೆಲವು ಮನೆಗಳಲ್ಲಿ ‘ಹುಜೂರರ ಕಾಲ’ ಎಂದು ನಿಟ್ಟುಸಿರು ಬಿಡುವವರ ಮಾತಿನಲ್ಲಿ ರಾಜನಿಷ್ಠೆ ಎಷ್ಟಿದೆ, ಈ ಹೇಳಲಾಗದ ದುಃಖ ಎಷ್ಟಿದೆ ಎಂದು ಬಿಡಿಸಿ ತೂಗುವುದು ಕಷ್ಟ.

ದೊರೆಯನ್ನು ಸೋಲಿಸಿದವರಿಗೂ ದೊರೆ ಬೇಕಾದ ಎಂಬುದು ಇನ್ನೊಂದು ಸ್ವಾರಸ್ಯ. ಹೈದರಾಬಾದ್ ಸೇರ್ಪಡೆ ಪತ್ರಕ್ಕೆ ಎಂದೂ ಸಹಿ ಹಾಕಿರಲಿಲ್ಲ. ಹಾಗಾಗಿ ಮಿಲಿಟರಿ ಗವರ್ನರ್ ಮೇಜರ್ ಜನರಲ್ ಜೆ.ಎನ್. ಚೌಧುರಿ ಆಳಿದ್ದು ನಿಜಾಮರೇ ಫರ್ಮಾನು ಮೂಲಕ ಕೊಟ್ಟ ಅಧಿಕಾರದಲ್ಲಿ. 1949ರಲ್ಲಿ ದೊರೆಯ ಸ್ವಂತ ಸೀಮೆಯಾದ ಸರ್ಫ್-ಎ-ಖಾಸ್ ಸರ್ಕಾರದ ದಿವಾನಿ ಆಡಳಿತದಲ್ಲಿ ವಿಲೀನವಾಯಿತು, ಜಾಗೀರುಗಳು ರದ್ದಾದವು. ಆ ವರ್ಷದ ನವೆಂಬರಿನಲ್ಲಿ ನಿಜಾಮರು, ಭಾರತದ ಸಂವಿಧಾನವೇ ಹೈದರಾಬಾದಿನ ಸಂವಿಧಾನ ಎಂದು ಫರ್ಮಾನು ಹೊರಡಿಸಿದರು. ಗಣರಾಜ್ಯ ಈ ನೆಲಕ್ಕೆ ಕಾಲಿಟ್ಟದ್ದು ರಾಜಾಜ್ಞೆಯ ಮೂಲಕ. ಅದೇ ವರ್ಷದ ಫೆಬ್ರವರಿಯಲ್ಲಿ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ತೆಗೆದ ಚಿತ್ರವನ್ನು ನೀವು ನೋಡಿರಬಹುದು: ವಿಮಾನದಿಂದಿಳಿದ ಸರ್ದಾರ್ ಪಟೇಲರ ಎದುರು ತೆಳ್ಳಗಿನ ಮುದುಕರೊಬ್ಬರು ಕೈಮುಗಿದು ನಿಂತಿದ್ದಾರೆ. ದರ್ಬಾರಿನಲ್ಲಿ ಸರದಾರರಿಂದ ಅಶ್ರಫಿಯ ನಜರ್ ಪಡೆಯುತ್ತಿದ್ದವರು ಅವರೇ. ಪ್ರತಿಫಲವಾಗಿ ರಾಜಧನ ವರ್ಷಕ್ಕೆ 50 ಲಕ್ಷ, ಸರ್ಫ್-ಎ-ಖಾಸ್ ಬಿಟ್ಟದ್ದಕ್ಕೆ 25 ಲಕ್ಷ, ಅರಮನೆಗಳ ನಿರ್ವಹಣೆಗೆ 25 ಲಕ್ಷ. 1950ರ ಜನವರಿ 26ರಿಂದ ರಾಜಪ್ರಮುಖ ಎಂಬ ಪದವಿ.

ಮೈಸೂರಿನಲ್ಲಿ ಇದೇ ಪದವಿ ಜಯಚಾಮರಾಜ ಒಡೆಯರಿಗೆ ಸಿಕ್ಕಿತು. 1956ರಲ್ಲಿ ರಾಜಪ್ರಮುಖ ಹುದ್ದೆ ರದ್ದಾದಾಗ ಅವರು ವಿಶಾಲ ಮೈಸೂರಿನ ರಾಜ್ಯಪಾಲರಾದರು. ಕಲಬುರಗಿ, ರಾಯಚೂರು, ಬೀದರಿನವರು ನಿಜಾಮರ ಕೈಯಿಂದ ಜಾರಿ ಇನ್ನೊಬ್ಬ ಮಾಜಿ ದೊರೆಯ ರಾಜ್ಯಪಾಲತನಕ್ಕೆ ಬಂದರು. ಮೈಸೂರಿನ ಅರಸು ಮನೆತನದವರು ಮುಂದೆ ಪಕ್ಷಗಳ ಟಿಕೆಟ್ಟಿನಲ್ಲಿ ಸಂಸತ್ತಿಗೂ ಹೋದರು. 2024ರಲ್ಲಿ ಯದುವೀರ್ ಗೆದ್ದದ್ದು ತೀರಾ ಇತ್ತೀಚಿನದು. ಅಲ್ಲಿ ರಾಜವಾದ ದಸರೆಯ ಪ್ರೀತಿಯಾಗಿ, ‘ರಾಜರ್ಷಿ’ಯ ನೆನಪಾಗಿ ಸಲೀಸಾಗಿ ಕರಗಿತು. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇದ್ದದ್ದು ಇದಕ್ಕೆ ಒಂದು ಕಾರಣವಿರಬೇಕು. 1938ರಲ್ಲಿ ವಿದುರಾಶ್ವತ್ಥದಲ್ಲಿ ಅದೇ ಮೈಸೂರಿನ ಪೊಲೀಸರು ಗುಂಡು ಹಾರಿಸಿದ್ದನ್ನು ಆ ಪ್ರೀತಿ ಅಷ್ಟಾಗಿ ನೆನೆಯುವುದಿಲ್ಲ ಎಂಬುದೂ ನಿಜ.

ಹೈದರಾಬಾದಿನಲ್ಲಿ ಕರಗಲಿಲ್ಲ. ಸೆಪ್ಟೆಂಬರ್ 17ಕ್ಕೆ ಏನು ಹೆಸರಿಡಬೇಕು ಎಂಬುದೇ ಪ್ರತಿವರ್ಷದ ರಾಜಕೀಯ. ಕೇಂದ್ರ ಸರ್ಕಾರಕ್ಕೆ ಅದು ವಿಮೋಚನಾ ದಿನ. ತೆಲಂಗಾಣದ ಹಿಂದಿನ ಸರ್ಕಾರಕ್ಕೆ ರಾಷ್ಟ್ರೀಯ ಸಮಗ್ರತಾ ದಿನ, ಈಗಿನದಕ್ಕೆ ಪ್ರಜಾಪಾಲನಾ ದಿನ. ನಮ್ಮಲ್ಲಿ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಮೂಸಿ ದಡದ ಉಸ್ಮಾನಿಯಾ ಆಸ್ಪತ್ರೆ, ಹೈಕೋರ್ಟು, 1908ರ ಪ್ರವಾಹದ ಬಳಿಕ ವಿಶ್ವೇಶ್ವರಯ್ಯನವರ ಸಲಹೆಯಂತೆ ಕಟ್ಟಿದ ಉಸ್ಮಾನ್ ಸಾಗರ ತೋರಿಸಿ ‘ಕಟ್ಟಿಸಿದವರು ಯಾರು’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಆದರೆ ಆ ಪ್ರಶ್ನೆ ಕಲಬುರಗಿಯಲ್ಲಿ ನಿಂತು ಕೇಳಿದರೆ ಉತ್ತರ ಬೇರೆ ಬರುತ್ತದೆ. ಕಂದಾಯ ಇಲ್ಲಿಂದ, ಕಟ್ಟಡ ಅಲ್ಲಿ. ಇತ್ತ ಇತ್ತೆಹಾದ್ ಏನಾಯಿತು? ರಜ್ವಿ 1957ರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಪಕ್ಷ ಅಬ್ದುಲ್ ವಾಹಿದ್ ಒವೈಸಿಯವರ ಕೈಗೆ ಬಂದು, ಹೊಸ ನಿಯಮಾವಳಿ ಬರೆದುಕೊಂಡು, ಚುನಾವಣೆಗೆ ಇಳಿಯಿತು. ಇಂದು ಅದರ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳುವುದು ಸಂವಿಧಾನದ ಹೆಸರು. ಗಾದಿ ಇಲ್ಲದಿದ್ದರೂ ಆ ರಾಜಕಾರಣ ನಡೆಯಿತು. ದೊರೆ ಅದಕ್ಕೆ ಎಷ್ಟರ ಮಟ್ಟಿಗೆ ಅಗತ್ಯವಾಗಿದ್ದ ಎಂಬುದು ಇದರಿಂದಲೇ ತಿಳಿಯುತ್ತದೆ.

ಗಾದಿ ಯಾರದು ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಕೊನೆಯ ಸಲ ಗಂಭೀರವಾಗಿ ಚರ್ಚೆಯಾದದ್ದು ಲಂಡನ್ನಿನಲ್ಲಿ, ಒಂದು ಬ್ಯಾಂಕ್ ಖಾತೆಯ ನೆಪದಲ್ಲಿ. 1948ರ ಸೆಪ್ಟೆಂಬರ್ 20ರಂದು, ಅಂದರೆ ಶರಣಾಗತಿಯ ಮೂರನೇ ದಿನ, ನಿಜಾಮ್ ಸರ್ಕಾರದ 10,07,940 ಪೌಂಡು 9 ಶಿಲ್ಲಿಂಗ್ ಹಣ ಅಲ್ಲಿನ ಪಾಕಿಸ್ತಾನಿ ಹೈಕಮಿಷನರ್ ಖಾತೆಗೆ ವರ್ಗವಾಯಿತು. ನನ್ನ ಅಪ್ಪಣೆಯಿಲ್ಲದೆ ಆದದ್ದು, ಹಿಂದಿರುಗಿಸಿ ಎಂದು ನಿಜಾಮರು ಕೇಳಿದರು, ಬ್ಯಾಂಕು ಕೊಡಲಿಲ್ಲ. ಆ ಹಣ ರಾಜ್ಯದ ಬೊಕ್ಕಸದ್ದೋ, ದೊರೆಯ ಜೇಬಿನದೋ? ದಿವಾನಿ ಯಾವುದು, ಸರ್ಫ್-ಎ-ಖಾಸ್ ಯಾವುದು? ರಾಜಪ್ರಭುತ್ವದ ಇಡೀ ತಕರಾರು ಈ ಒಂದು ಖಾತೆಯಲ್ಲಿತ್ತು. 71 ವರ್ಷ ಬಡ್ಡಿ ಬೆಳೆದು ಮೂರೂವರೆ ಕೋಟಿ ಪೌಂಡಾದ ಮೇಲೆ, 2019ರ ಅಕ್ಟೋಬರ್ 2ರಂದು ತೀರ್ಪು ಬಂತು. ಪಾಕಿಸ್ತಾನಕ್ಕೆ ಹಕ್ಕಿಲ್ಲ; ಹಣ ಏಳನೆಯ ನಿಜಾಮರದು, ಅವರ ಮೂಲಕ ಹಕ್ಕು ಪಡೆದವರಿಗೆ ಸೇರತಕ್ಕದ್ದು. ಹಾಗೆ ಹಕ್ಕು ಪಡೆದವರಾಗಿ ಕಟಕಟೆಯ ಒಂದೇ ಬದಿಯಲ್ಲಿ ನಿಂತಿದ್ದವರು ಮೊಮ್ಮಕ್ಕಳಾದ ಇಬ್ಬರು ಶಹಜಾದೆಗಳು ಮತ್ತು ಭಾರತ ಗಣರಾಜ್ಯ. ಹಂಚಿಕೆ ಸರಿಯಿಲ್ಲ ಎಂದು ವಂಶದ ಬೇರೆ ವಾರಸುದಾರರು ಮರುವರ್ಷವೇ ಮತ್ತೆ ಅದೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು.